ರುದ್ರಸ್ವಾಮಿಯ ಇನ್‌ಬಾಕ್ಸ್ ಗುಡಿಸಿದ್ದು

ಯಳಂದೂರಿನ ಗುರುಸಿದ್ದಯ್ಯನವರು ಮಗಳು ಕವಿತಳಿಗೆಂದು ನೋಡಿದ ಜಾತಕಗಳಲ್ಲಿ ಕೊನೆಗೆ ಉಳಿದವು ಎರಡೇ, ಒಂದು ನಿಮ್ಮದು, ಇನ್ನೊಂದು ಹನೂರಿನ ರುದ್ರಸ್ವಾಮಿಯದು ಎಂದು ಮದುವೆ ಬ್ರೋಕರ್ ಮಾದಣ್ಣ ಹೇಳಿದ ದಿನ ಶಿವಶಂಕರನಿಗೆ ಊಟ ಸೇರಲಿಲ್ಲ. ರುದ್ರಸ್ವಾಮಿ ಬಾಲ್ಯದ ಗೆಳೆಯ. ತೊಂದರೆ ಇದ್ದದ್ದೇ ಅಲ್ಲಿ. ಎಂಟನೇ ಕ್ಲಾಸಿನಿಂದಲೂ ಶಿವಶಂಕರ ಯಾವ ಸಾಲಿನಲ್ಲಿ ನಿಂತರೂ ರುದ್ರಸ್ವಾಮಿ ಅವನಿಗಿಂತ ಒಂದು ಹೆಜ್ಜೆ ಮುಂದೆ ನಿಂತಿರುತ್ತಿದ್ದ. ಎತ್ತರ ಅವನಿಗೆ, ಮೀಸೆ ಅವನಿಗೆ, ಹನೂರು ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ ಅವನಿಗೆ. ಈಗ ಕವಿತಳೂ ಅವನಿಗೇ ಎಂದರೆ ದೇವರು ಕಣ್ಣು ಮುಚ್ಚಿಕೊಂಡು ಕೂತಿದ್ದಾನೆಂದೇ ಅರ್ಥ.

ಕವಿತಳನ್ನು ಅವನು ನೋಡಿದ್ದು ಎರಡೇ ದಿನ, ಕೊಳ್ಳೇಗಾಲದ ತನ್ನ ಕಂಪ್ಯೂಟರ್ ಸೆಂಟರಿಗೆ ಅವಳು ತರಬೇತಿಗೆ ಬಂದಿದ್ದಾಗ. ಅವನು ಅರ್ಧ ಗಂಟೆ ಹೆಣಗಿದ್ದ ಪ್ರಿಂಟರಿನ ಬೆನ್ನಿಗೆ ಅವಳು ಒಂದು ಗುದ್ದು ಕೊಟ್ಟಳು, ಅದು ಓಡಿತು. ಅವಳು ನಗಲೂ ಇಲ್ಲ, ಹೋಗಿ ತನ್ನ ಜಾಗದಲ್ಲಿ ಕೂತಳು. ಅಂದಿನಿಂದ ಶಿವಶಂಕರನ ಕಣ್ಣಿಗೆ ಬೇರೆ ಹೆಣ್ಣು ಹಿಡಿಸಿಲ್ಲ. ಅವಳು ಸಿಗದಿದ್ದರೆ ತಾನು ಹೀಗೇ ಉಳಿದುಬಿಡುತ್ತೇನೆಂದು ಅವನಿಗೆ ನಿಜಕ್ಕೂ ಭಯವಿತ್ತು.

ಗುರುಸಿದ್ದಯ್ಯನವರು ನಿವೃತ್ತ ಹೆಡ್ ಗುಮಾಸ್ತರು. ಫೋನಿನಲ್ಲಿ ಆಡಿದ್ದನ್ನು ಅವರು ಮಾತೆಂದೇ ಎಣಿಸುತ್ತಿರಲಿಲ್ಲ, ಏನಿದ್ದರೂ ಬರವಣಿಗೆಯಲ್ಲಿರಬೇಕು. ಸರ್ವೀಸಿನಲ್ಲಿದ್ದಾಗ ಕಾಗದ, ಈಗ ಈಮೇಲು. ಶಿವಶಂಕರ ಫೋಟೊ, ಎಂದೋ ಬರೆದಿಟ್ಟಿದ್ದ ಬಯೋಡೇಟಾ ಕಳಿಸಿದ್ದಕ್ಕೂ 'ತಲುಪಿದೆ, ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿತ್ತು.

"ಅವರು ಬರುದ್ರೆ ಉತ್ರ ಕೊಟ್ಬುಡಬೇಕು ಸಾ. ಕೊಡ್ನಿಲ್ಲ ಅಂದ್ರೆ ಆ ಕಡೆ ತಿರುಗೂ ನೋಡಕಿಲ್ಲ," ಎಂದಿದ್ದ ಮಾದಣ್ಣ.

ಈ ಮಾತು ಶಿವಶಂಕರನ ತಲೆಯಲ್ಲಿ ಕೊರೆಯುತ್ತಿದ್ದಾಗಲೇ, ಅದೇ ವಾರ, ರುದ್ರಸ್ವಾಮಿ ತಾನಾಗಿ ಬಂದು ಕುತ್ತಿಗೆ ಒಡ್ಡಿದ.

"ಲೇ ಶಿವ, ಮೇಲ್ ತೆಗುದ್ರೆ ಬರೀ ಕಸ ಕಣ್ಲಾ. ಲೋನ್ ತಕೋ ಅಂತಾನೆ ಒಬ್ಬ, ಕೂದ್ಲು ಬೆಳಸ್ಕೋ ಅಂತಾನೆ ಇನ್ನೊಬ್ಬ. ಬೀಜದ ಕಂಪನಿಯೋರು ಬರೆಯೋದು ಕಣ್ಗೇ ಬೀಳಕಿಲ್ಲ. ಒಸಿ ಕ್ಲೀನ್ ಮಾಡ್ಕೊಡು," ಎಂದು ಅಲಸಂದೆ ಬೀಜದ ಖಾಲಿ ಪೊಟ್ಟಣದ ಹಿಂದೆ ಪಾಸ್‌ವರ್ಡ್ ಬರೆದು ಕೊಟ್ಟ. ಕವಿತಳ ಸಂಬಂಧದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಮುಚ್ಚಿಡುತ್ತಿದ್ದಾನೆ, ಕಳ್ಳ, ಎಂದುಕೊಂಡ ಶಿವಶಂಕರ. ಆ ಕ್ಷಣದಿಂದ ಅವನಿಗೆ ಪಾಪಪ್ರಜ್ಞೆ ಕಾಡಲಿಲ್ಲ.

ಒಳಗೆ ಹನ್ನೊಂದು ಸಾವಿರ ಮೇಲುಗಳಿದ್ದವು. ಶಿವಶಂಕರ ಕೆಲಸಗಳ್ಳನಲ್ಲ. ಗೊತ್ತಿರುವ ಅಂಗಡಿ, ಕಂಪನಿಗಳಿಂದ ಬರುತ್ತಿದ್ದವನ್ನು ಒಂದೊಂದಾಗಿ ಅನ್‌ಸಬ್‌ಸ್ಕ್ರೈಬ್ ಮಾಡಿದ. ಲಾಟರಿ ಹೊಡೆದಿದೆ ಎನ್ನುವ ಮೋಸದವುಗಳ ಲಿಂಕನ್ನು ಮುಟ್ಟಲೇ ಇಲ್ಲ; ಮುಟ್ಟಿದರೆ ಈ ವಿಳಾಸದಲ್ಲಿ ಆಸಾಮಿ ಇದ್ದಾನೆಂದು ತಿಳಿದು ಇನ್ನೂ ಹತ್ತು ಜನ ನುಗ್ಗುತ್ತಾರೆ. ಅವನ್ನು ಸ್ಪ್ಯಾಮ್ ಎಂದು ಗುರುತು ಹಾಕಿ ತಳ್ಳಿದ. ಲಕ್ಕಿ ಡ್ರಾ ಚೀಟಿಗಳಿಗೆ ಬರೆಯಲೆಂದು ಬೇರೆಯೇ ಒಂದು ವಿಳಾಸ ಮಾಡಿಕೊಟ್ಟ. ಹದಿನಾಲ್ಕು ಫಿಲ್ಟರ್ ಹಾಕಿದ. ಹದಿನೈದನೆಯದನ್ನು ಹಾಕುವಾಗ ರುದ್ರಸ್ವಾಮಿ ಪಕ್ಕದಲ್ಲೇ ಕೂತು, ತಾನೇ ತರಿಸಿದ್ದ ಬೋಂಡ ತಿನ್ನುತ್ತಿದ್ದ. ಗುರುಸಿದ್ದಯ್ಯನವರ ವಿಳಾಸದಿಂದ ಏನೇ ಬಂದರೂ ಇನ್‌ಬಾಕ್ಸಿಗೆ ಬರದೆ ನೇರ ಕಸದ ಬುಟ್ಟಿಗೆ ಹೋಗುವಂಥ ಫಿಲ್ಟರ್ ಅದು.

ಮೂವತ್ತು ದಿನಕ್ಕೆ ಬುಟ್ಟಿ ತಾನೇ ಖಾಲಿಯಾಗುತ್ತದೆ. ಹೆಣ್ಣು ನೋಡಲು ಬನ್ನಿ ಎಂಬ ಪತ್ರ ಸದ್ದಿಲ್ಲದೆ ಅಲ್ಲೇ ಕರಗುತ್ತದೆ. ಯಾರಾದರೂ ಕಂಡುಹಿಡಿದರೂ, ಅಷ್ಟೊಂದು ಹೊಟ್ಟು ತೂರುವಾಗ ಒಂದು ಕಾಳು ಹಾರಿಹೋಯಿತು ಎಂದರಾಯಿತು. ಬೀಗದ ಕೈ ಕೊಟ್ಟು, ಬೋಂಡವನ್ನೂ ತಿನ್ನಿಸಿ ಮನೆ ದೋಚಿಸಿಕೊಂಡವನ ಕತೆಯನ್ನು ಶಿವಶಂಕರ ಇದುವರೆಗೆ ಕೇಳಿರಲಿಲ್ಲ.

"ಸಗಣಿ ಸಾರ್ಸಿದ ಅಂಗಳ ಇದ್ದಂಗದೆ ಕಣ್ಲಾ. ನಿನ್ನಂಥ ಗೆಳೆಯ ಎಲ್ಲೂ ಸಿಗಾಕಿಲ್ಲ," ಎಂದು ರುದ್ರಸ್ವಾಮಿ ಇನ್‌ಬಾಕ್ಸನ್ನೇ ನೋಡುತ್ತಾ ನಿಂತ.

ಆಮೇಲೆ ಕಾಯುವ ಕೆಲಸ. ಶಿವಶಂಕರ ಒಂದು ಹೊಸ ಅಂಗಿ ಹೊಲಿಸಿದ, ಸೆಂಟರಿಗೆ ಸುಣ್ಣ ಹೊಡೆಸಿದ. ದಿನಕ್ಕೆ ಇಪ್ಪತ್ತು ಸಲ ಮೇಲ್ ತೆಗೆದು ನೋಡಿದ. ಎಲ್ಲಿ ತಪ್ಪಿಹೋಯಿತೋ ಎಂದು ತನ್ನ ಸ್ಪ್ಯಾಮನ್ನೂ ಕೆದಕಿದ, ಕೂದಲು ಬೆಳೆಸುವ ಎಣ್ಣೆಯ ಪತ್ರಗಳನ್ನು ಪೂರ್ತಿ ಓದಿದ. ನಾಲ್ಕನೇ ವಾರ ಮಾದಣ್ಣ ಸೆಂಟರಿಗೆ ಬಂದವನು ಬೆಂಚಿನ ತುದಿಯಲ್ಲಿ ಕೂತು, ಕವಿತಮ್ಮನಿಗೆ ಚಾಮರಾಜನಗರದಲ್ಲಿ ಗಂಡು ಗೊತ್ತಾಯಿತು ಎಂದ. ರುದ್ರಸ್ವಾಮಿಗೂ ಇಲ್ಲ, ತನಗೂ ಇಲ್ಲ ಎಂದರೆ ಏನರ್ಥ ಎಂದು ಶಿವಶಂಕರ ಕೇಳಿದ.

"ರುದ್ರಸ್ವಾಮಿ ಅವ್ವ ಅವನಿಗೆ ಏಳ್ದೇನೆ ಜಾತ್ಕ ಕೊಟ್ಟಿದ್ರು ಸಾ, ಕೂಡ್ನಿಲ್ಲ ಅಂತ ಆ ವಾರವೇ ವಾಪಸ್ ಬಂತು. ಯಜಮಾನ್ರು ಒಪ್ಕಂಡಿದ್ದು ನಿಮ್ಮನ್ನೇ. ಕವಿತಮ್ಮನೂ ಊಂ ಅಂದಿದ್ರು," ಎಂದು ಮಾದಣ್ಣ ತಲೆ ಕೆರೆದುಕೊಂಡ. "ಉಡುಗನ ಗುಣ ಒಂದು ವಿಚಾರಿಸ್ಕಂಡು ದಿನ ಗೊತ್ಮಾಡವ ಅಂತಿದ್ರು. ನನ್ ಬಗ್ಗೆ ಬೇಕಾರೆ ಇವರನ್ನ ಕೇಳಿ ಅಂತ ನಿಮ್ ಬಯೋಡೇಟಾ ಕೊನೇಲಿ ನೀವೇ ರುದ್ರಸ್ವಾಮಿ ಎಸ್ರು, ಮೇಲು ಬರ್ದಿದ್ರಂತಲ್ಲಾ. ನನಗೂ ಏಳ್ದೇನೆ ಅವನಿಗೆ ಬರುದ್ರಂತೆ, ಕಾದು ಇನ್ನೊಂದ್ಸಲನೂ ಬರುದ್ರಂತೆ. ಒಂದಕ್ಸರ ಉತ್ರ ಇಲ್ಲ. ಜೊತೇಲಿ ಆಡಿ ಬೆಳೆದೋನ್ಗೇ ಶಿವಶಂಕರನ ಬಗ್ಗೆ ಒಂದೊಳ್ಳೆ ಮಾತು ಬರೆಯಕ್ಕೆ ಮನಸ್ಸು ಬರ್ನಿಲ್ಲ ಅಂದ್ರೆ, ಆ ಉಡುಗ ಇನ್ನೆಂಥವನಿರಬೇಕು ಅಂದ್ಬುಟ್ರು ಸಾ."