ಹುರುಳಿ ಕಟ್ಟು

"ಬಾವ, ಕಟ್ಟು! ಬೇಗ ಕಟ್ಟು!"

ದೇವಿರಮ್ಮ ಹಾಗೆ ಕೂಗಿಕೊಂಡಾಗ ಕೆಂಪಸಿದ್ದಯ್ಯ ಎತ್ತನ್ನು ಕಟ್ಟಬೇಕಾಗಿತ್ತು. ಕೆಂದ ಎಂಬ ಆ ಎತ್ತು ಹಗ್ಗ ಕಿತ್ತುಕೊಂಡು ಸೊಪ್ಪಿನ ಮಡಿಗೆ ನುಗ್ಗುತ್ತಿತ್ತು. ಆದರೆ ಸಿದ್ದನ ಕಣ್ಣೆದುರಿಗಿದ್ದದ್ದು ಒಲೆಯ ಪಕ್ಕದ ಮಡಕೆ. ಎತ್ತುಗಳಿಗೆಂದು ಬೇಯಿಸಿದ ಹುರುಳಿಯನ್ನು ಬಸಿದ ಕಟ್ಟು ಅದರಲ್ಲಿ ಹಬೆಯಾಡುತ್ತಿತ್ತು. ಗರಡಿಯಿಂದ ಹಸಿದು ಬಂದವನು, ಕಟ್ಟು ಎಂದರೆ ಇದೇ ಕಟ್ಟು ಎಂದುಕೊಂಡು ಮಡಕೆ ಎತ್ತಿ ಗಟಗಟ ಕುಡಿದ.

ಕೊನೆಗೆ ಅವಳೇ ಓಡಿ ಎತ್ತನ್ನು ಹಿಡಿದು ತಂದು ಗೂಟಕ್ಕೆ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಿವೀನ ಗರಡೀಲೆ ಬುಟ್ಟು ಬಂದ್ಯಾ?"

"ನೀನೇ ಕಟ್ಟು ಅಂದ್ಯಲ್ಲ."

"ಎತ್ತು ಕಟ್ಟು ಅಂದೆ ಕಣ್ ಬಾವ!"

"ನಂಗೆ ಅಂಗೆ ಕೇಳಿಸ್ನಿಲ್ಲ."

ಮೀಸೆ ಸರಿಯಾಗಿ ಮೂಡದ ತುಟಿಯ ಮೇಲೆ ಹುರುಳಿಯ ಕಂದು ಮೀಸೆ ಮೂಡಿತ್ತು. ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟಳು.

ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿ ಗಲಾಟೆಯಾದ ಮಾರನೆಯ ವರ್ಷದ ಮಾತು ಇದು. ಹನಕೆರೆಯಲ್ಲಿ ಸಿದ್ದನ ಮನೆ ಮೇಲಿನ ಬೀದಿ, ದೇವಿರಿಯದು ಕೆಳಗಿನ ಬೀದಿ. ಸಿದ್ದನ ತಾಯಿ ಮಹದೇವಮ್ಮ ದೇವಿರಿಯ ಅಪ್ಪ ಹುಚ್ಚೀರಯ್ಯನ ಒಡಹುಟ್ಟಿದ ತಂಗಿ. ಹುಡುಗಿ ಹುಟ್ಟಿದಂದೇ ಅವಳು ಸಿದ್ದನಿಗೆ ಎಂದು ಊರೆಲ್ಲ ಹೇಳಿತ್ತು. ಹೇಳದೆ ಉಳಿದವನು ಹುಚ್ಚೀರಯ್ಯ ಒಬ್ಬನೇ. ಹಂಚಿಕಡ್ಡಿಯಂತಿದ್ದ ಅಳಿಯನನ್ನು ನೋಡಿದಾಗಲೆಲ್ಲ, "ಗಾಡಿಗೊಂದು ಕಬ್ಬಿನ ಹೊರೆ ಎತ್ತಾಕಾಗ್ದೋನ್ಗೆ ಎಣ್ಣು ಕೊಡ್ಲಾ?" ಎನ್ನುತ್ತಿದ್ದ.

ಅದಕ್ಕೇ ಸಿದ್ದ ಗರಡಿ ಸೇರಿದ್ದು. ದಂಡೆ ಹೊಡೆದ, ಬಸ್ಕಿ ತೆಗೆದ, ಕುಸ್ತಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ. ಮೈ ಮಾತ್ರ ಬರಲಿಲ್ಲ. ಗರಡಿಯ ಉಸ್ತಾದ್ ಮಾದಯ್ಯ ಕೈಚೆಲ್ಲಿದ.

"ಬಾಡು ತಿನ್ನದೆ ತೋಳು ಬರಾಕಿಲ್ವಂತೆ," ಎಂದ ಸಿದ್ದ, ಕಟ್ಟು ಕುಡಿದ ಖಾಲಿ ಮಡಕೆಯನ್ನು ಕೆಳಗಿಡುತ್ತಾ. "ಲಿಂಗ ಕಟ್ಕೊಂಡೋನ್ಗೆ ಲಂಗೋಟಿ ಯಾಕ್ಲಾ ಅಂತ ಮಾದಯ್ಯ ಆಡ್ಕೋತಾನೆ."

ದೇವಿರಿ ಕೆಂದನತ್ತ ಕೈ ತೋರಿದಳು. "ಅದ್ರ ಭುಜ ನೋಡು. ಅದ್ಯಾವ ಬಾಡು ತಿಂದದೆ?"

ಸಿದ್ದ ಎತ್ತನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಎತ್ತನ್ನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದ.

"ನಾಳೆಯಿಂದ ಮುದ್ದೆ ಕಮ್ಮಿ ಮಾಡು," ಎಂದಳು ಅವಳು, ಸೆರಗು ಸರಿಮಾಡಿಕೊಳ್ಳುತ್ತಾ. "ಕಾಳು ಜಾಸ್ತಿ ಮಾಡು. ಮುದ್ದೆ ಒಟ್ಟೆಗೆ, ಕಾಳು ತೋಳಿಗೆ."

"ಯಾರು ಯೋಳುದ್ರು?"

"ಎತ್ತಿಗೆ ಯಾರಾದ್ರೂ ಮುದ್ದೆ ಆಕ್ತಾರಾ?"

ಸಿದ್ದ ಮಡಕೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ.

ಅಂದಿನಿಂದ ಹುಚ್ಚೀರಯ್ಯ ಗದ್ದೆಗೆ ಹೋದ ಮೇಲೆ ಹಿತ್ತಿಲ ಗೋಡೆಯ ಮೇಲೆ ಒಂದು ಬೋಗುಣಿ ಬಂದು ಕೂರತೊಡಗಿತು. ಮೊಳಕೆ ಬಂದ ಹುರುಳಿ, ಬೇಯಿಸಿದ ಹುರುಳಿ, ಹುರಿದ ಹುರುಳಿ. ಅವರೆಯ ಕಾಲದಲ್ಲಿ ಅವರೆ. ಕಾಯಿಚೂರು, ಗಟ್ಟಿ ಮೊಸರು. ಕೊನೆಗೆ ಉಪ್ಪು, ಮೆಣಸು ಹಾಕಿದ ಬಿಸಿ ಕಟ್ಟು. ಸಿದ್ದ ಗೋಡೆಯ ಆಚೆ ನಿಂತು ತಿನ್ನುತ್ತಿದ್ದ. ಅವಳು ಈಚೆ ನಿಂತು ಸಗಣಿ ತಟ್ಟುವ ನೆಪದಲ್ಲಿ ನೋಡುತ್ತಿದ್ದಳು.

ಆಗಾಗ ಕೆಂದನ ಹಳೆಯ ಕೊರಳ ಹಗ್ಗ ತಂದು ಅವನ ತೋಳು ಅಳೆಯುತ್ತಿದ್ದಳು. ಅಳತೆಗೆ ಹಾಕಿದ್ದ ಗಂಟು ಸಾಲದೆ ಬಿಚ್ಚಿ ಮುಂದಕ್ಕೆ ಹಾಕಬೇಕಾದ ದಿನ ಅವಳ ಬೆರಳಿಗೆ ಗರಡಿಯ ಕೆಮ್ಮಣ್ಣು ಅಂಟಿತು. ಕೈ ತೊಳೆಯಲು ಅವಳು ಸಂಜೆಯವರೆಗೂ ಮರೆತಳು.

"ಬಂತಾ?" ಎಂದು ಕೇಳಿದ ಸಿದ್ದ.

"ಏನು?"

"ತೋಳು."

"ತೋಳು ಬಂತು. ಬುದ್ಧಿ ಇನ್ನೂ ಬರ್ಬೇಕು."

ಅವನಿಗೆ ಸಿಟ್ಟು ಬರಲಿಲ್ಲ. ಅವಳು ಹಾಗೆ ಅನ್ನುವುದನ್ನು ಕೇಳಲೆಂದೇ ಅವನು ದಿನಾ ಇಲ್ಲದ ಪ್ರಶ್ನೆ ಕೇಳುತ್ತಿದ್ದ.

ಒಂದೇ ತೊಂದರೆ. ಮನೆಗೆ ಬರುತ್ತಿದ್ದ ಹುರುಳಿ ಅಷ್ಟೇ, ತಿನ್ನುವ ಬಾಯಿ ಒಂದು ಹೆಚ್ಚಾಗಿತ್ತು. ಸಿದ್ದ ತುಂಬಿಕೊಳ್ಳುತ್ತಾ ಬಂದ ಹಾಗೆ ಕೆಂದ ಸೊರಗುತ್ತಾ ಬಂತು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟರೆ ದಾರಿಯಲ್ಲೇ ಮಂಡಿಯೂರುತ್ತಿತ್ತು. ಹುಚ್ಚೀರಯ್ಯ ನಾಟಿ ಔಷಧಿ ಕುಡಿಸಿದ, ದೃಷ್ಟಿ ತೆಗೆಸಿದ, ತಾಯಿತ ಕಟ್ಟಿಸಿದ. ದೇವಿರಿಗೆ ಕೆಂದನ ಮುಖ ನೋಡಲು ನಾಚಿಕೆ. ಆದರೆ ಸಿದ್ದನ ಮುಖ ನೋಡದೆ ಇರಲು ಅವಳಿಂದ ಆಗುತ್ತಿರಲಿಲ್ಲ.

ಮದ್ದೂರಿನ ಕುಸ್ತಿಯಲ್ಲಿ ಸಿದ್ದ ತನಗಿಂತ ಭಾರದ ಆಳನ್ನು ಚಿತ್ ಮಾಡಿದ. ಮರುದಿನವೇ ಮಹದೇವಮ್ಮ ಮಗನನ್ನು ಕರೆದುಕೊಂಡು, ಊರಿನ ಹಿರಿಯರನ್ನು ಮುಂದಿಟ್ಟುಕೊಂಡು, ವೀಳ್ಯದೆಲೆಯೊಂದಿಗೆ ಅಣ್ಣನ ಜಗುಲಿ ಹತ್ತಿದಳು.

ಹುಚ್ಚೀರಯ್ಯ ಎಲೆಯನ್ನು ಮುಟ್ಟಲಿಲ್ಲ. ಅಳಿಯನ ಭುಜವನ್ನೇ ನೋಡುತ್ತಿದ್ದ.

"ನಿನ್ ಮಗ ಬಾಡು ತಿಂದವ್ನೆ ಕಣ್ ಮಾದೇವಿ."

"ಶಿವಶಿವಾ! ಏನಣ್ಣಯ್ಯ ಇಂಗಂತೀಯ?"

"ನಮ್ಮೋರ್ ಮನೇಲಿ ಉಪ್ಸಾರು ಮುದ್ದೆ ತಿಂದು ಯಾರಿಗ್ ಬಂದದೆ ಇಂಥ ಮೈ? ಮಾದಯ್ಯನ ಮನೇಲಿ ತಿಂದವ್ನೆ. ಕುಲ ಕೆಡಿಸ್ಕೊಂಡೋನ್ಗೆ ನಾನು ಎಣ್ಣು ಕೊಡಾಕಿಲ್ಲ. ಮಳವಳ್ಳಿ ಕಡೆಯಿಂದ ಒಂದು ಸಂಬಂಧ ಬಂದದೆ. ಇವತ್ತೇ ಅವರಿಗೆ ಮಾತು ಕೊಡ್ತೀನಿ."

ಸಣ್ಣಗಿದ್ದಾಗ ಸಣ್ಣಗಿದ್ದ ಎಂದು ಬೇಡ, ದಪ್ಪಗಾದರೆ ದಪ್ಪಗಾದ ಎಂದು ಬೇಡ. ಸಿದ್ದ ಕೊರಳ ಲಿಂಗವನ್ನು ಮುಟ್ಟಿಕೊಂಡು, "ಲಿಂಗದಾಣೆ ಮಾವ, ನಾನು ಮುಟ್ಟಿಲ್ಲ," ಎಂದ.

"ಮುಟ್ಟಿಲ್ವಾ? ಮತ್ತೇನ್ ತಿಂದೆ, ಯೋಳು."

ಸಿದ್ದ ತಲೆ ತಗ್ಗಿಸಿದ. ಹೇಳಿದರೆ ಕದ್ದು ಬಡಿಸಿದವಳ ಹೆಸರು ಹಿರಿಯರೆದುರು ಬರುತ್ತಿತ್ತು. ಜಗುಲಿಯ ಮೇಲೆ ಕೂತವರು ಮುಖ ಮುಖ ನೋಡಿಕೊಂಡರು. ಮಹದೇವಮ್ಮ ವೀಳ್ಯದೆಲೆಯ ತಟ್ಟೆಯನ್ನು ಎತ್ತಿಕೊಳ್ಳಲು ಬಗ್ಗಿದಳು.

ಬಾಗಿಲ ಸಂದಿಯಲ್ಲಿ ನಿಂತು ದೇವಿರಿ ಎಲ್ಲ ಕೇಳಿಸಿಕೊಂಡಳು. ಇವನು ಬಾಯಿ ಬಿಡುವುದಿಲ್ಲ, ತಾನು ಮಳವಳ್ಳಿಗೆ ಹೋಗುವುದು ತಪ್ಪುವುದಿಲ್ಲ ಎಂದು ಗೊತ್ತಾಯಿತು. ಅವಳು ಹೊಸಿಲು ದಾಟಿ ಬಂದಳು.

"ಅಪ್ಪ, ಬಾವ ತಿಂದಿದ್ದು ಬಾಡಲ್ಲ. ಕೆಂದನ ಪಾಲಿನ ಉಳ್ಳಿಕಾಳು. ಇಕ್ಕಿದ್ದು ನಾನು."

ಹುಚ್ಚೀರಯ್ಯ ಮಗಳನ್ನು ನೋಡಿದ. ಪಕ್ಕೆಲುಬು ಕಾಣುತ್ತಿದ್ದ ಎತ್ತನ್ನು ನೋಡಿದ. ಅಳಿಯನನ್ನು ನೋಡಿದ.

"ಅಯ್ಯೋ ನಿನ್ ಮನೆ ಕಾಯ್ವೋಗ! ಎತ್ತಿಗೆ ತಾಯ್ತ ಕಟ್ಟಿಸ್ದೆನಲ್ಲೇ!"

ಹಿರಿಯರು ಬಿದ್ದು ಬಿದ್ದು ನಕ್ಕರು. ಆ ನಗೆ ಹುಚ್ಚೀರಯ್ಯನಿಗೆ ಬೆಂಕಿ ಹಚ್ಚಿತು. ಅಂಗಳದಲ್ಲಿ ಕಬ್ಬು ಹೇರಿದ ಗಾಡಿ ಮಂಡ್ಯಕ್ಕೆ ಹೊರಡಲು ಸಿದ್ಧವಾಗಿ ನಿಂತಿತ್ತು.

"ಎತ್ತಿನ ಪಾಲು ತಿಂದೋನು ಎತ್ತಿನ ಪಾಲು ಎಳೀಲಿ! ಗಾಡೀನ ನಾಲೆ ಏರಿ ಅತ್ತಿಸ್ಲಿ. ಆಗ ನಂಬ್ತೀನಿ."

ಕೋಪದಲ್ಲಿ ಬಂದ ಮಾತು. ಸಿದ್ದ ಅದನ್ನು ನಿಜವೆಂದೇ ಹಿಡಿದ. ಟವೆಲ್ಲನ್ನು ಮಡಿಸಿ ಭುಜದ ಮೇಲೆ ಹಾಕಿಕೊಂಡು, ಕೆಂದನ ಜಾಗದಲ್ಲಿ ನಿಂತು ನೊಗಕ್ಕೆ ಹೆಗಲು ಕೊಟ್ಟ. ಬಿಳಿಯ ಎಂಬ ಜೋಡಿ ಎತ್ತು ಇವನನ್ನು ಓರೆಗಣ್ಣಿನಿಂದ ನೋಡಿತು. ಗಾಡಿ ಕಿರ್ರೆಂದು ಕದಲಿತು.

ಊರು ಹಿಂದೆ ಹಿಂದೆ ನಡೆಯಿತು. ಏರಿಯ ನಡುವೆ ಚಕ್ರ ನಿಂತಿತು. ಸಿದ್ದನ ಕೊರಳ ನರ ಉಬ್ಬಿತು. ಗಾಡಿ ಹಿಂದಕ್ಕೆ ಜಾರತೊಡಗಿತು.

ಹುಚ್ಚೀರಯ್ಯನಿಗೆ ತಡೆಯಲಾಗಲಿಲ್ಲ. ಗಾಡಿ ಹೊಡೆದು ಹೊಡೆದು ಪಳಗಿದ ನಾಲಿಗೆ ತಾನಾಗಿಯೇ ಕೂಗಿತು: "ಹೋ ಹೋ! ಎಳೀ ನನ್ ಮಗ್ನೇ! ಎಳೀ ಕೆಂದಾ!"

ಹಿಂದಿನಿಂದ ಕೆಂದ ಅಂಬಾ ಎಂದಿತು. ಸಿದ್ದ ಒಂದೇ ದಮ್ಮಿಗೆ ಎಳೆದ. ಗಾಡಿ ಏರಿ ಹತ್ತಿ ನಿಂತಿತು.

ಹುಚ್ಚೀರಯ್ಯ ಬಳಿಗೆ ಬಂದು, ದನದ ಸಂತೆಯಲ್ಲಿ ಎತ್ತಿನ ಮೈ ತಡವಿ ನೋಡುವಂತೆ ಅಳಿಯನ ಭುಜವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.

"ಉಳ್ಳಿ ಮೈಯೇ ಕಣ್ ಮಾದೇವಿ," ಎಂದ ಮೆಲ್ಲಗೆ. "ಇಷ್ಟು ಗಟ್ಟಿ ಇನ್ಯಾವುದ್ರಲ್ಲೂ ಬರಾಕಿಲ್ಲ. ಎಲೆ ತಟ್ಟೆ ಎಲ್ಲಿ? ತತ್ತಾ." ಆಮೇಲೆ ಮಗಳ ಕಡೆ ತಿರುಗಿದ. "ಇನ್ಮೇಲೆ ಕೆಂದನ ಪಾಲು ಕೆಂದಂಗೆ. ಇವನ್ಗೆ ಬ್ಯಾರೆ ಬೇಯ್ಸು."

ಕಬ್ಬಿನ ಕೆಲಸ ಮುಗಿದ ಮೇಲೆ ಮನೆ ಮುಂದೆ ಚಪ್ಪರ ಎದ್ದಿತು. ಮೇಳ ಏರಿತು, ಅಕ್ಕಿಕಾಳು ಹಿಡಿದ ಕೈಗಳು ಮೇಲೆದ್ದವು. ಗಾಡಿ ಎಳೆದ ಸಿದ್ದ ತಾಳಿಯನ್ನು ಕೈಗೆ ತೆಗೆದುಕೊಂಡ. ಅವನು ಅವಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟ.

ದೇವಿರಿ ತಲೆ ಎತ್ತದೆ, ತುಟಿ ಅಲುಗದಂತೆ ಪಿಸುಗುಟ್ಟಿದಳು.

"ಬಾವ, ಕಟ್ಟು."

"ಈ ಸಲ ಸರಿಯಾಗಿ ಕೇಳಿಸ್ತು ಕಣಮ್ಮಿ," ಎಂದು ಸಿದ್ದ ಕಟ್ಟಿದ.