ಎದುರಿಗೆ ಕೂರದ ಗಂಡ

"ನನ್ನ ಎದುರಿಗೆ ಕುಂದ್ರಬ್ಯಾಡ. ತಾಯಕ್ಕತ್ತಿ ಎದುರಿಗೆ ಕುಂದ್ರು."

ಮದುವೆಯಾದ ಹನ್ನೊಂದನೆಯ ದಿನ, ಮನೆಮಂದಿಯ ಮುಂದೆ ಗಂಡ ಹಾಲಸ್ವಾಮಿ ಆಡಿದ ಮೊದಲ ಮಾತು ಇದು! ನೀಲಗಂಗಮ್ಮ ನಿಂತಲ್ಲೇ ನಿಂತಳು. ನಡುಮನೆಯಲ್ಲಿ ಕೇರಂ ಮಣೆ ಹಾಸಿತ್ತು. ಅತ್ತೆ ಉಚ್ಚೆಂಗಮ್ಮ ಕಾಯಿ ಜೋಡಿಸುತ್ತಿದ್ದಳು. ಗಂಡನ ಸೋದರತ್ತೆ ತಾಯಕ್ಕ ಕಾಲು ನೀವಿಕೊಳ್ಳುತ್ತಾ ನಕ್ಕಳು.

"ಬಾರವ್ವ, ನನ್ನ ಜೋಡಿ ಆಡು. ಇಬ್ರೂ ಸೇರಿ ಸೋಲೂಣು."

ಕೇರಂ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಎದುರುಬದುರು ಕೂತವರು ಜೋಡಿ, ಅಕ್ಕಪಕ್ಕ ಕೂತವರು ಎದುರಾಳಿಗಳು. ಅವನು ತನ್ನ ಅವ್ವನನ್ನು ಜೋಡಿ ಮಾಡಿಕೊಂಡು, ಕಟ್ಟಿಕೊಂಡ ಹೆಂಡತಿಯನ್ನು ಎದುರಾಳಿ ಮಾಡಿದ್ದ. ಮೊದಲ ಆಟದಲ್ಲೇ ಹೀಗಾದರೆ ಯಾವ ಹೆಣ್ಣಿಗೆ ತಾನೇ ನೋವಾಗುವುದಿಲ್ಲ, ನೀವೇ ಹೇಳಿ.

ಅದು ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಹಾಲಸ್ವಾಮಿಯದು ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ. ಕೋಳಿ ಕೂಗುವ ಮೊದಲು ಹೋದರೆ, ತವುಡು ಮೆತ್ತಿದ ಮೈಯಲ್ಲಿ ಕತ್ತಲಾದ ಮೇಲೆ ಬರುತ್ತಿದ್ದ. ಅರ್ಧ ರೊಟ್ಟಿ ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದ. ಅವಳಿಗೋ, ಬೆಳಗಿನಿಂದ ಭತ್ತ ಬೇಯಿಸಿ, ಹರವಿ, ಬಿಸಿಲಲ್ಲಿ ಕಾಲಾಡಿಸಿ ಸೊಂಟ ಬಿದ್ದುಹೋಗುತ್ತಿತ್ತು. ಗಂಡ ಹೆಂಡತಿ ಒಂದು ಕೋಣೆಯಲ್ಲಿ ಮಲಗುತ್ತಿದ್ದರು ಅಷ್ಟೇ. ಹಿರಿಯರ ಮುಂದೆ ಒಟ್ಟಿಗೆ ಕೂರುವುದು, ಮಾತಾಡುವುದು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಸೋಮವಾರ ಬಸವಣ್ಣನ ವಾರ. ಗಿರಣಿಗೂ ಬಿಡುವು. ಮಧ್ಯಾಹ್ನ ಉಂಡು ಮಣೆ ಹಾಸುತ್ತಿದ್ದರು. ಬಟ್ಟೆಯಲ್ಲಿ ಸೋಸಿದ ಅಕ್ಕಿಹಿಟ್ಟು ಉದುರಿಸಿದರೆ ಕಾಯಿ ಸರ್ರನೆ ಜಾರುತ್ತಿದ್ದವು. ಆಟದ ಮುಂದೆ ಮಾತ್ರ ಯಾರಿಗೂ ಕಟ್ಟುಪಾಡಿಲ್ಲ. ಅವನು ಅವಳ ಪಕ್ಕದ ಬದಿಯಲ್ಲಿ ಕೂತು, ಅವಳ ಬಿಳಿ ಕಾಯಿಗಳನ್ನು ಚದುರಿಸುತ್ತಿದ್ದ.

'ನನ್ನ ಸೋಲಿಸೋದೇ ಇವರಿಗೆ ಖುಷಿ...' ಎಂದುಕೊಳ್ಳುತ್ತಿದ್ದಳು.

ಆರು ತಿಂಗಳು ಹೀಗೇ ಕಳೆಯಿತು. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿ ಬಂತು.

ಅವಳ ಅಣ್ಣ ತೋಟಪ್ಪ ಬುಧವಾರ ಬೆಳಿಗ್ಗೆ ತವರು ಮರಿಯಮ್ಮನಹಳ್ಳಿಯಿಂದ ಗಾಡಿ ತರುವವನಿದ್ದ. ಸೋಮವಾರ ನೀಲಗಂಗಮ್ಮ ಟ್ರಂಕಿಗೆ ಒಂದೂ ಸೀರೆ ಉಳಿಸದೆ ತುಂಬಿದಳು. ತಾಯಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಉಯ್ಯಾಲಿ ಆಡಾಕ ಇಷ್ಟೊಂದು ಸೀರಿ ಬೇಕೇನವ್ವ?"

"ನಾನು ತಿರುಗಿ ಬರಂಗಿಲ್ಲ, ಅತ್ತಿ. ಯಾರಿಗೂ ಬ್ಯಾಡಾದಾಕಿ ಇಲ್ಲಿ ಯಾಕಿರ್ಲಿ?" ಅಳಬೇಕೆಂದರೂ ಕಣ್ಣೀರು ಬರಲಿಲ್ಲ. ಅಷ್ಟು ದಣಿದಿದ್ದಳು ಅವಳು.

ಆ ಮಧ್ಯಾಹ್ನ ಮಣೆ ಹಾಸಿದಾಗ ತಾಯಕ್ಕ, "ನಂಗ ಬೆನ್ನು ನೋವು. ನಿನ್ನ ಜಾಗದಾಗ ಗ್ವಾಡಿಗೆ ಆತುಗೋಬೇಕು. ನೀನು ನಿಮ್ಮತ್ತಿ ಜಾಗಕ್ಕ ಹೋಗು, ಆಕಿ ನನ್ನ ಜಾಗಕ್ಕ ಬರ್ಲಿ" ಎಂದಳು. ಅಂದರೆ ನೀಲಗಂಗಮ್ಮ ಗಂಡನಿಗೆ ನೇರ ಎದುರು. ಅವನ ಜೋಡಿ!

ಅವಳು ಸೆರಗು ಸರಿಮಾಡಿಕೊಂಡಳು. ಇನ್ನೇನು ಕೂರಬೇಕು...

"ಬ್ಯಾಡ," ಅಂದ ಹಾಲಸ್ವಾಮಿ. "ಆಕಿ ಮೊದ್ಲು ಎಲ್ಲಿ ಕುಂದ್ರತಿದ್ಲೋ ಅಲ್ಲೇ ಕುಂದ್ರಲಿ."

ಆರು ತಿಂಗಳು ಬಾಯಿ ಬಿಗಿಹಿಡಿದವಳು ಆಗ ಹಿರಿಯರನ್ನೂ ಮರೆತಳು.

"ನನ್ನ ಜೋಡಿ ಆಡಾಕ ನಿಮಗ ಅಷ್ಟು ಬ್ಯಾಸರೇನ್ರಿ? ಬಿಡ್ರಿ. ಬುಧವಾರದಿಂದ ಈ ಮನಿಯಾಗ ನಾನು ಎಲ್ಲೂ ಕುಂದ್ರಂಗಿಲ್ಲ."

ಹಿತ್ತಲಿಗೆ ನಡೆದೇಬಿಟ್ಟಳು. ಉಚ್ಚೆಂಗಮ್ಮನ ಕೈಯಿಂದ ಸ್ಟ್ರೈಕರ್ ಜಾರಿತು. "ಏನು ನೋಡ್ತೀಯೋ, ಹೋಗು," ಎಂದು ಮಗನನ್ನು ಎಬ್ಬಿಸಿದಳು.

ಅವನು ಬಂದು ಬಚ್ಚಲ ಕಟ್ಟೆಯ ಹತ್ತಿರ ನಿಂತ.

"ಬ್ಯಾಸರಲ್ಲ," ಅಂದ. "ಎದುರಿಗೆ ಕುಂತ್ರ ನಡುವೆ ಆ ಹಲಗಿ ಇರತೈತಿ. ಪಕ್ಕದ ಬದಿಗೆ ಕುಂತ್ರ ನಿನ್ನ ಸೆರಗು ನನ್ನ ಕೈಗೆ ತಾಕತೈತಿ."

ಅವಳು ತಿರುಗಿ ನೋಡಿದಳು.

"ಹಗಲು ಗಿರಣಿ. ಮನಿಗೆ ಬಂದ್ರ ಮಂದಿ ಮುಂದ ಮಾತಾಡಂಗಿಲ್ಲ. ರಾತ್ರಿ ನಿನಗ ಏನಾರ ಹೇಳಬೇಕು ಅಂತ ಮಲಗ್ತೀನಿ, ಕಣ್ಣು ಬಿಟ್ರ ಬೆಳಗಾಗಿರತೈತಿ. ವಾರಕ್ಕ ಒಂದು ತಾಸು, ಸೋಮವಾರ, ನಿನ್ನ ಪಕ್ಕ ನಾನು ಎಚ್ಚರ ಇರ್ತೀನಿ. ಅದನ್ನ ಬಿಡಾಕ ಮನಸ್ಸು ಬರಲಿಲ್ಲ."

'ಅಯ್ಯೋ ದೇವರೇ... ಇದಕ್ಕಾ ನಾನು ಇಷ್ಟು ದಿನ ಕೊರಗಿದ್ದು?' ಬೆಳಗಿನಿಂದ ಬಾರದ ಕಣ್ಣೀರು ಈಗ ಬಂತು. ಸಿಟ್ಟೂ ಬಂತು.

"ಇಷ್ಟು ಮೊದಲೇ ಹೇಳಬಾರದೇನ್ರಿ? ಎದುರಿಗೆ ಕುಂದ್ರಿಸಿಕೊಂಡ್ರನ ಹೆಂಡತಿ ಅಂತ ನಾನು ತಿಳಿದಿದ್ದೆ. ನಾನೂ ಮನುಷಾಳು, ದಣೀತೀನಿ."

"ತಪ್ಪಾತು. ಹೇಳಾಕ ಬರಲಿಲ್ಲ ನಂಗ." ಅವನು ತಲೆ ತಗ್ಗಿಸಿದ. "ಗಂಗವ್ವ... ನೀನಿಲ್ಲದ ಮನಿಗೆ ನಾನು ಯಾಕ ಬರ್ಲಿ?"

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಹತ್ತಿರ ಬಂದು ಅವನ ಭುಜಕ್ಕೆ ಹಣೆ ಊರಿದಳು. ಒಳಗೆ ತಾಯಕ್ಕ ಬೇಕೆಂದೇ ಜೋರಾಗಿ ಕೆಮ್ಮಿದಳು.

"ತವರಿಗೆ ಹೋಗಿ ಬಾ. ಎಂಟು ದಿನಕ್ಕ ಕರಿಯಾಕ ಬರ್ತೀನಿ," ಅಂದ ಅವನು.

"ಎಂಟು ದಿನ ಯಾಕ್ರಿ? ಹಬ್ಬ ಮೂರು ದಿನಕ್ಕ ಮುಗಿತೈತಿ."

"ಎರಡನೇ ದಿನಕ್ಕ ಬಂದ್ರ?"

"ಅಣ್ಣ ನಗ್ತಾನ."

"ನಗ್ಲಿ ಬಿಡು."

"ಹಂಗಾರ ಜಲ್ದಿ ಬರ್ರಿ," ಅಂದಳು ನೀಲಗಂಗಮ್ಮ.