ಸರದಾರನ ಆಪರೇಷನ್ನಿಗೆ ಹೊತ್ತಾಯಿತು

"ಮರಿ ಬ್ಯಾಡ್ರಿ," ಎಂದ ಮಾಂತು, ನೆಲ ನೋಡುತ್ತ.

ರಂಜಿನಿ ಬಾಯಿಯವರೆಗೆ ತಂದಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಪುಣೆಯ ಭಾನುವಾರದ ಟ್ರಾಫಿಕ್ಕಿನಲ್ಲಿ ಹಡಪಸರದಿಂದ ಖಡಕಿಯ ಮಾಂತುವಿನ ಮನೆಯವರೆಗೆ, ತನ್ನ ನಾಯಿ ಗೆಜ್ಜೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಗೆಜ್ಜೆ ಮುಧೋಳದ ತಳಿ. ಮಾಂತುವಿನ ಸರದಾರನೂ ಅದೇ ತಳಿ. ಎರಡಕ್ಕೂ ಜೋಡಿ ಮಾಡಿಸೋಣವೆಂದು ಮಾತಾದಾಗಿನಿಂದ ವಾರ ವಾರವೂ ಅವಳಿಗೆ ಇಲ್ಲಿಗೆ ಬರಲೊಂದು ನೆಪವಿತ್ತು.

ಆ ನೆಪ ಈಗ ಹೋಯಿತು.

"ಯಾಕೆ? ನಮ್ಮ ಗೆಜ್ಜೆಗೆ ತಳಿಯ ಪೇಪರ್ಸ್ ಇಲ್ಲ ಅಂತಾನಾ?"

"ಹಂಗಲ್ರಿ."

"ಮತ್ತೆ? ಬೇರೆ ಯಾರಾದ್ರೂ ಸಿಕ್ಕಿದ್ರಾ?"

ನಾಯಿಯ ವಿಷಯಕ್ಕೇ ಕೇಳಿದ್ದಳು. ಆದರೂ ಕೆನ್ನೆ ಬಿಸಿಯಾಯಿತು. ಅವನ ಕಿವಿಯೂ ಕೆಂಪಾದದ್ದು ಅವಳಿಗೆ ಕಂಡಿತು.

ಮಾಂತುವಿನ ತಂದೆ ಸಿದ್ರಾಮಪ್ಪ ಜೋಕಾಲಿಯಿಂದಲೇ ಗದರಿದರು. "ಬಾಯಿ ಬಿಟ್ಟು ಹೇಳಲೇ! ಸರದಾರನ ಮರಿ ಬರ್ತಾವಂತ ಬಜಾರದಾಗೆಲ್ಲ ಹೇಳಿ ಬಂದೀನಿ."

ಮಾಂತು ಸರದಾರನ ನೀಳ ಕೊರಳ ಮೇಲೆ ಕೈಯಿಟ್ಟ. ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ಅವನದು ತಪಾಸಣೆಯ ಕೆಲಸ. ಕೂದಲೆಳೆಯಷ್ಟು ದೋಷ ಕಂಡರೂ ಮುಂದೆ ಬಿಡದವನು.

"ಇವಂದು ಒಂದು ಬೀಜ ಕೆಳಗ ಇಳಿದಿಲ್ರಿ. ಹೊಟ್ಯಾಗ ಉಳಿದದ. ಮುಂದ ಅದು ಕ್ಯಾನ್ಸರ್ ಗಡ್ಡಿ ಆಗಬಹುದಂತ. ಎಲುಬು ಬಲಿಯೋ ತನಕ ಕಾಯ್ರಿ, ಆಮ್ಯಾಲೆ ಎರಡೂ ತೆಗೆಸಿಬಿಡ್ರಿ ಅಂತ ಡಾಕ್ಟರ್ ಹೇಳಿದ್ರು. ಈಗ ಪೂರಾ ಬೆಳದಾನ."

"ಇನ್ನೊಂದು ಸರಿ ಅದ ಅಲ್ಲೋ!" ಎಂದರು ಸಿದ್ರಾಮಪ್ಪ. "ಒಂದು ಸಲ ಮರಿ ಆಗಲಿ, ಆಮ್ಯಾಲೆ ಆಪರೇಷನ್ ಮಾಡಸು. ಯಾರು ಬಗ್ಗಿ ನೋಡ್ತಾರ?"

"ಮರಿಗೂ ಇದೇ ಬರಬಹುದು ಅಪ್ಪಾ. ಗೊತ್ತಿದ್ದೂ ನಾ ಯಾರಿಗೂ ಕೊಡಂಗಿಲ್ಲ." ಮಾಂತು ರಂಜಿನಿಯ ಕಡೆ ನೋಡಿದ. "ಇವರಿಗಂತೂ ಕೊಡಂಗಿಲ್ಲ."

ಆ 'ಇವರಿಗಂತೂ' ರಂಜಿನಿಯ ಎದೆಯೊಳಗೆ ಹೋಗಿ ಕೂತಿತು.

"ಡಾಕ್ಟರ್ ಯಾವಾಗ ಹೇಳಿದ್ದು?"

"ಭಾಳ ದಿನ ಆತ್ರಿ."

"ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀವು ಬರೋದು ನಿಂತುಬಿಡ್ತದ ಅಂತ..." ಮಾತು ಅಲ್ಲಿಗೇ ತುಂಡಾಯಿತು. ಸರದಾರನ ಕೊರಳು ಸವರುತ್ತಿದ್ದ ಕೈಯೂ ನಿಂತಿತು.

ರಂಜಿನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಎಂಥ ಹುಡುಗ! ತಂದೆಯ ಎದುರು, ತನ್ನ ನಾಯಿಯ ಕೊರತೆಯನ್ನೂ ತನ್ನ ಆಸೆಯನ್ನೂ ಒಟ್ಟಿಗೇ ಬಿಚ್ಚಿಟ್ಟುಬಿಟ್ಟ. ಅವನು ತನ್ನವನೇ ಎಂಬಂತೆ ಹೆಮ್ಮೆಯಾಯಿತು.

"ಬಜಾರದಾಗ ನಮ್ಮ ಸರದಾರನ ಮರ್ಯಾದಿ ಏನು?" ಸಿದ್ರಾಮಪ್ಪನವರ ದನಿ ಇಳಿದಿತ್ತು.

"ಅಂಕಲ್, ನೋಡಿ ಹೇಗೆ ನಿಂತಿದಾನೆ, ರಾಜನ ಥರ. ಓಡೋಕೆ ಅವನಿಗೆ ನಾಲ್ಕು ಕಾಲು ಸಾಕು. ಯಾರಾದ್ರೂ ಕೇಳಿದ್ರೆ ನಿಮ್ಮ ಮಗ ಸುಳ್ಳು ಹೇಳಿ ಮರಿ ಕೊಡಲ್ಲ ಅಂತ ಹೇಳಿ. ಆ ಮರ್ಯಾದೆ ಸಾಲದಾ?"

ಮುದುಕರು ಮಗನನ್ನು ಮೇಲಿಂದ ಕೆಳಗೆ ನೋಡಿದರು. ನಿಧಾನವಾಗಿ ಮೀಸೆಯ ಮೇಲೆ ಕೈ ಹೋಯಿತು. "ಆತು. ಮಾಡಸು."

"ಮಂಗಳವಾರ ಅದರೀ," ಎಂದ ಮಾಂತು.

"ನಾನೂ ಬರ್ತೀನಿ. ಹೊಲಿಗೆ ಒಣಗೋವರೆಗೂ ಅವನನ್ನ ಓಡೋಕೆ, ಹಾರೋಕೆ ಬಿಡಬಾರದು. ಒಬ್ಬರು ಹತ್ರ ಇರಬೇಕಲ್ವಾ."

"ನಿಮ್ಮ ಆಫೀಸು?"

"ವರ್ಕ್ ಫ್ರಮ್ ಹೋಮ್ ಹಾಕ್ತೀನಿ."

"ಯಾರ ಮನಿಯಿಂದವ್ವಾ?" ಸಿದ್ರಾಮಪ್ಪ ಕಣ್ಣು ಕಿರಿದಾಗಿಸಿ ಕೇಳಿದರು.

ರಂಜಿನಿ ಮಾಂತುವನ್ನೇ ನೋಡಿದಳು. "ಅದನ್ನ ಇವರು ಹೇಳಲಿ."

ಮಾಂತು ಎದ್ದು ನಿಂತ. ಅಂಗಿ ಸರಿಮಾಡಿಕೊಂಡ.

"ನಮ್ಮ ಮನಿಯಿಂದ," ಎಂದ, ಓಣಿಗೆಲ್ಲ ಕೇಳುವ ಹಾಗೆ.